ಫಾಸ್ಟರ್ ಪೋಷಕರಿಗೆ, ಸೋಷಿಯಲ್ ವರ್ಕರ್‌ಗಳಿಗೆ ತರಬೇತಿ ಕೊಡ್ತೀರಾ? ಮೊದಲ ರಾತ್ರಿಯಿಂದ ಶುರು ಮಾಡಿ

ಸ್ವಂತ ಮನೆಯಲ್ಲಿ ಇರಲಾಗದ ಮಗುವನ್ನು ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರು ಫಾಸ್ಟರ್ ಪೋಷಕರು, ಮಗುವನ್ನು ಅವರಲ್ಲಿಗೆ ಕರೆತರುವವರು ಸೋಷಿಯಲ್ ವರ್ಕರ್‌ಗಳು. ಇವರ ಆರಂಭಿಕ ತರಬೇತಿ ಅಂದರೆ ಬಹಳ ಕಡೆ ಒಂದೇ ಥರ. ಒಂದು ಹಾಲ್, ಎರಡು ದಿನ, ಮುಗಿಯದ ಸ್ಲೈಡ್‌ಗಳು. ಆಮೇಲೊಂದು ರಾತ್ರಿ ಹತ್ತು ಗಂಟೆಗೆ ಬಟ್ಟೆ ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಆರು ವರ್ಷದ ಮಗುವೊಂದು ಬಾಗಿಲಲ್ಲಿ ನಿಂತಿರುತ್ತದೆ, ಪಕ್ಕದಲ್ಲಿ ಸುಸ್ತಾದ ವರ್ಕರ್, ಎದುರಿಗೆ ಗಾಬರಿಯಾದ ಪೋಷಕರು, ದೊಡ್ಡವರಲ್ಲಿ ಯಾರಿಗೂ ಒಂದು ಸ್ಲೈಡೂ ನೆನಪಿಗೆ ಬರುವುದಿಲ್ಲ.

ಹಾಗಾಗಿ ತರಬೇತಿಯನ್ನು ಆ ಬಾಗಿಲಿಂದಲೇ ಶುರು ಮಾಡಿ. ಪೋಷಕರನ್ನೂ ವರ್ಕರ್‌ಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿ. ಬೇರೆ ಬೇರೆ ಕಲಿಸಿದರೆ ಇವರಿಗೆ ಅವರ ಮೇಲೆ ದೂರು, ಅವರಿಗೆ ಇವರ ಮೇಲೆ ದೂರು, ಅಷ್ಟೇ. ಆ ರಾತ್ರಿಯನ್ನು ಆಡಿಸಿ ನೋಡಿ, ಪಾತ್ರ ಅದಲು ಬದಲು ಮಾಡಿಸಿ. ವರ್ಕರ್ ಹೊರಡುವ ಮೊದಲು ಪೋಷಕರು ಏನೇನು ಕೇಳಬೇಕು? ಅಲರ್ಜಿ ಇದೆಯಾ, ಯಾವ ಔಷಧ, ಯಾರು ಫೋನ್ ಮಾಡಬಹುದು, ಯಾರು ಮಾಡಬಾರದು, ಏನಿದ್ದರೆ ನಿದ್ದೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯ, ಇಲ್ಲಿಗೆ ಯಾಕೆ ಬಂದಿದ್ದೇನೆ ಅಂತ ಮಗುವಿಗೆ ಯಾರು ಏನು ಹೇಳಿದ್ದಾರೆ. ಈ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಮರೀತಾರೆ.

ಚಿಕ್ಕ ಚಿಕ್ಕ ವಿಷಯಗಳನ್ನೂ ಹೇಳಿಕೊಡಿ. ಟಾಯ್ಲೆಟ್ ತೋರಿಸಿ, ರಾತ್ರಿ ಅಲ್ಲಿ ದೀಪ ಉರಿಯಲಿ. ಕೇಳದೆ ತಬ್ಬಿಕೊಳ್ಳಬೇಡಿ. ಅಮ್ಮ ಅಂತ ಕರಿ ಅನ್ನಬೇಡಿ, ಅದಕ್ಕೆ ಅಮ್ಮ ಇದ್ದಾಳೆ. ಚೀಲದ ಬಟ್ಟೆಯನ್ನು ಅವತ್ತೇ ಒಗೆದು ಹಾಕಬೇಡಿ, ಕೊಳೆಯಾಗಿದ್ದರೂ ಅದರಲ್ಲಿ ಮನೆಯ ವಾಸನೆ ಇರುತ್ತದೆ.

ಥಿಯರಿ ಬೇಡವೇ? ಬೇಕು, ಆದರೆ ಹದವಾಗಿ. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಬರೆದ ವರದಿಯಿಂದ ಹಿಡಿದು ಮಗುವಿಗೂ ಅದನ್ನು ಸಾಕುವವರಿಗೂ ಇರುವ ಬಾಂಧವ್ಯದ ಬಗ್ಗೆ ರಾಶಿ ಬರಹ ಇದೆ. ನಾನು ಒಂದನ್ನೇ ಆರಿಸುವುದಾದರೆ ರುಮೇನಿಯಾದ ಬುಕಾರೆಸ್ಟ್ ಅಧ್ಯಯನವನ್ನು ಆರಿಸುತ್ತೇನೆ. ಅಲ್ಲಿ ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಫಾಸ್ಟರ್ ಮನೆಗಳಿಗೆ ಕಳಿಸಿದರು. ಮನೆ ಸೇರಿದವರು ಉಳಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರು ಜಾಸ್ತಿ. ಹೊಸ ಪೋಷಕರಿಗೆ ಇದು ಭಯ ಹುಟ್ಟಿಸುವುದಿಲ್ಲ, ಧೈರ್ಯ ಕೊಡುತ್ತದೆ.

ಉಳಿದದ್ದನ್ನು ಉದಾಹರಣೆಯಿಂದಲೇ ಹೇಳಿ. ಮಗು ದಿಂಬಿನ ಕೆಳಗೆ ಬ್ರೆಡ್ ಬಚ್ಚಿಡುತ್ತದೆ. ಕಳ್ಳತನವಾ? ಅಲ್ಲ, ನಾಳೆ ಊಟ ಸಿಗುತ್ತದೆ ಅನ್ನುವ ನಂಬಿಕೆ ಅದಕ್ಕಿನ್ನೂ ಇಲ್ಲ. ಬೈದರೆ ಬಚ್ಚಿಡುವ ಜಾಗ ಬದಲಾಗುತ್ತದೆ, ಅಷ್ಟೇ. ಅದರ ಕೈಗೆಟುಕುವ ಹಾಗೆ ಒಂದು ಡಬ್ಬಿ ತಿಂಡಿ ಇಟ್ಟು ಇದು ನಿನ್ನದೇ ಅಂದರೆ ಬಚ್ಚಿಡುವುದು ಮೆಲ್ಲಗೆ ಕಡಿಮೆಯಾಗಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಡ್ಯಾನ್ ಹ್ಯೂಸ್ ಹೇಳುವ ನಾಲ್ಕು ಗುಣ ಇಲ್ಲಿ ಕೆಲಸಕ್ಕೆ ಬರುತ್ತವೆ: ತಮಾಷೆ, ಒಪ್ಪಿಕೊಳ್ಳುವುದು, ಕುತೂಹಲ, ಅನುಕಂಪ. ನನ್ನ ಪ್ರಕಾರ ಕುತೂಹಲವೇ ಎಲ್ಲಕ್ಕಿಂತ ಕಷ್ಟ, ಕೋಪ ಬಂದಾಗ ಯಾರಿಗೆ ಕುತೂಹಲ ಇರುತ್ತದೆ ಹೇಳಿ?

ಒಂದು ಇಡೀ ಮಧ್ಯಾಹ್ನವನ್ನು ಮಾತ್ರ ಇದಕ್ಕೇ ಮೀಸಲಿಡಿ: ಮಗು ತನಗಾದ ದೌರ್ಜನ್ಯವನ್ನು ಹೇಳಿಕೊಂಡಾಗ ಏನು ಮಾಡಬೇಕು. ಅದು ಹೇಳುವುದು ಪಾತ್ರೆ ತೊಳೆಯುವಾಗಲೋ ಕಾರಿನ ಹಿಂದಿನ ಸೀಟಿನಲ್ಲೋ, ನಿಮ್ಮ ಮುಖ ನೋಡದೆ. ಆಗ ಮಾಡುತ್ತಿರುವ ಕೆಲಸ ಬಿಡಬೇಡಿ, ಬೆಚ್ಚಿಬೀಳಬೇಡಿ, ಕೇಳಿಸಿಕೊಳ್ಳಿ. 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬೇಡಿ, ಆ ಮಾತು ಮುರಿಯಲೇಬೇಕಾಗುತ್ತದೆ. 'ಅವನು ಹೊಡೆದನಾ?' ಅಂತ ಬಾಯಿಗೆ ಮಾತು ಹಾಕಬೇಡಿ, ಮುಂದೆ ಕೋರ್ಟಿನಲ್ಲಿ ಅದೇ ತೊಡಕಾಗಬಹುದು. 'ಆಮೇಲೆ?' ಅಂದರೆ ಸಾಕು. ಹೇಳಿದ್ದು ಒಳ್ಳೇದಾಯ್ತು, ಇದರಲ್ಲಿ ನಿನ್ನ ತಪ್ಪಿಲ್ಲ ಅನ್ನಿ. ಮಗುವಿನದೇ ಮಾತುಗಳಲ್ಲಿ, ಸಮಯ ಹಾಕಿ ಬರೆದಿಡಿ, ಅವತ್ತೇ ವರದಿ ಮಾಡಿ. ಇದನ್ನು ಓದಿ ಹೇಳಿದರೆ ಬರುವುದಿಲ್ಲ, ಐದಾರು ಸಲ ಮಾಡಿಸಬೇಕು.

ಬರೆಯುವುದನ್ನೂ ಕಲಿಸಿ. 'ಇವತ್ತು ಗಲಾಟೆ ಮಾಡಿದ' ಅನ್ನುವುದು ದಿನಚರಿ ಅಲ್ಲ. 'ಫೋನ್ ಬರಲಿಲ್ಲ, ನಾಲ್ಕು ಗಂಟೆಗೆ ಕಪ್ ಎಸೆದ, ಅರ್ಧ ಗಂಟೆ ಮೇಜಿನ ಕೆಳಗೆ ಕೂತಿದ್ದ, ಪಕ್ಕದಲ್ಲಿ ಕೂತೆ' ಅಂತ ಬರೆದರೆ ಅಲ್ಲೊಂದು ಮಗು ಕಾಣುತ್ತದೆ. ದೊಡ್ಡವನಾದ ಮೇಲೆ ಅವನೇ ತನ್ನ ಫೈಲ್ ತರಿಸಿಕೊಂಡು ಓದಬಹುದು, ನೆನಪಿರಲಿ.

ಕಾನೂನಿಗೆ ಅರ್ಧ ದಿನ ಸಾಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿನ ಅಭಿಪ್ರಾಯ ಕೇಳಬೇಕು ಅನ್ನುತ್ತದೆ, 20ನೆಯದು ಮನೆಯಿಂದ ದೂರವಾದ ಮಗುವಿಗೆ ವಿಶೇಷ ರಕ್ಷಣೆ ಕೊಡುತ್ತದೆ. ಅದರ ಜೊತೆಗೆ ನಿಮ್ಮಲ್ಲಿನ ನಿಯಮ.

ಎಲ್ಲವನ್ನೂ ಒಂದೇ ವಾರದಲ್ಲಿ ತುರುಕಬೇಡಿ. ಹೊಸ ವರ್ಕರ್ ಮೊದಲು ಅನುಭವಿಯ ಜೊತೆ ಸುಮ್ನೆ ಓಡಾಡಲಿ, ಕೇಸ್‌ಗಳು ಆಮೇಲೆ. ಫಾಸ್ಟರ್ ಮನೆಗಳಲ್ಲಿ ಬೆಳೆದು ದೊಡ್ಡವರಾದವರನ್ನು ಕಲಿಸಲು ಕರೆಯಿರಿ, ಬೇರೆ ತರಬೇತುದಾರರಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ಪೋಷಕರ ಸ್ವಂತ ಮಕ್ಕಳಿಗೂ ಒಂದು ಸಂಜೆ ಇಡಿ, ಕೋಣೆ, ಆಟಿಕೆ, ಅಮ್ಮನ ಸಮಯ ಹಂಚಿಕೊಳ್ಳುವವರು ಅವರೇ ಅಲ್ವಾ? ಮೂರು ತಿಂಗಳಾದ ಮೇಲೆ ಎಲ್ಲರನ್ನೂ ಮತ್ತೆ ಸೇರಿಸಿ, ಕಲಿತದ್ದರಲ್ಲಿ ಏನು ಉಪಯೋಗಕ್ಕೆ ಬಂತು, ಯಾವ ರಾತ್ರಿ ಯಾರೂ ಫೋನ್ ಎತ್ತಲಿಲ್ಲ ಅಂತ ಕೇಳಿ. ಬಂದ ಉತ್ತರದ ಮೇಲೆ ಮುಂದಿನ ತಂಡದ ತರಬೇತಿಯನ್ನು ತಿದ್ದಿ.