ಖಾನಾವಳಿ ಹುಡುಕೋಕೆ ಗಿರಣಿಗೆ ಹೋದೆ

ಹಿಟ್ಟಿನ ಗಿರಣಿ ಸುತ್ತಿ ಒಳ್ಳೆ ರೊಟ್ಟಿಯ ಖಾನಾವಳಿ ಹುಡುಕುತ್ತೇನೆ ಅಂದಾಗ ನಮ್ಮ ಆಫೀಸಿನಲ್ಲಿ ಎಲ್ಲರೂ ನಕ್ಕರು. "ಇವ ಊಟಕ್ಕ ಹೊಂಟಾನೋ, ಹಿಟ್ಟು ಮಾರ್ಲಾಕ ಹೊಂಟಾನೋ" ಅಂದ ಒಬ್ಬ. ಕಳೆದ ತಿಂಗಳು ಅದೇ ಮಂದಿಯನ್ನು ನಮ್ಮ ಕಲಬುರಗಿಯ ಬ್ರಹ್ಮಪುರದ ಕಡೆ ಒಂದು ಸಣ್ಣ ಖಾನಾವಳಿಗೆ ಕರೆದುಕೊಂಡು ಹೋದೆ. ನಕ್ಕವನೇ ಏಳು ಜೋಳದ ರೊಟ್ಟಿ ತಿಂದ. ಎಂಟನೆಯದಕ್ಕೂ ಕೈ ಚಾಚಿದ್ದ, ಹಿಟ್ಟು ಮುಗಿದಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನನ್ನದು ಬೀಜ, ಗೊಬ್ಬರದ ಫೀಲ್ಡ್ ಕೆಲಸ. ಇವತ್ತು ಆಳಂದ, ನಾಳೆ ಜೇವರ್ಗಿ, ನಾಡಿದ್ದು ಸೇಡಂ. ತಿಂಗಳಲ್ಲಿ ಹದಿನೆಂಟು ಇಪ್ಪತ್ತು ದಿನ ಹೊರಗಿನ ಊಟವೇ. ನನ್ನ ಹಾಗೆ ತಿರುಗೋರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಒಂದು ಮಾತು: ಖಾನಾವಳಿ ಅಂದರೆ ರೊಟ್ಟಿ ಊಟದ ಸಣ್ಣ ಹೋಟೆಲು, ಖಡಕ್ ರೊಟ್ಟಿ ಒಣಗಿಸಿ ಗರಿಗರಿ ಮಾಡಿದ್ದು, ಬಿಸಿ ರೊಟ್ಟಿ ಆಗಷ್ಟೇ ಹಂಚಿನಿಂದ ಇಳಿಸಿದ್ದು. ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಫೋನಿನ ಮ್ಯಾಪ್ ತೆಗೆದು ಸ್ಟಾರ್ ನೋಡಿದೆ. ನಾಲ್ಕೂವರೆ ಸ್ಟಾರ್ ಇದ್ದ ಒಂದು ಕಡೆ ಹೋದರೆ ಎಸಿ ಚೆನ್ನಾಗಿತ್ತು, ಪಾರ್ಕಿಂಗ್ ಚೆನ್ನಾಗಿತ್ತು. ರೊಟ್ಟಿ ಮಾತ್ರ ನಿನ್ನೆಯದು. ಆಮೇಲೆ ಪರಿಚಯದವರನ್ನು ಕೇಳಿದೆ. ಹತ್ತು ಮಂದಿ ಹತ್ತು ಹೆಸರು ಹೇಳಿದರು. ಅದರಲ್ಲಿ ನಾಲ್ಕು ಅವರ ಬೀಗರದ್ದೋ ಭಾವಮೈದುನನದ್ದೋ. ಆಟೋದವರನ್ನು ಕೇಳಿದರೆ ಮೂವರೂ ಒಂದೇ ಜಾಗಕ್ಕೆ ಒಯ್ದರು. ಯಾಕೆ ಅಂತ ನಿಮಗೇ ಗೊತ್ತಲ್ವಾ.

ಇನ್ನೊಂದು ದೊಡ್ಡ ತಪ್ಪು ಅಂದರೆ ಬೈಕ್ ಎಣಿಸಿದ್ದು. ಜಾಸ್ತಿ ಬೈಕ್ ನಿಂತಿದ್ದರೆ ಊಟ ಒಳ್ಳೆಯದು ಅಂತ ನನ್ನ ಲೆಕ್ಕ. ಒಂದು ಖಾನಾವಳಿ ಮುಂದೆ ದಿನಾ ನಲವತ್ತು ಬೈಕ್. ಎರಡು ಸಲ ಉಂಡೆ, ಎರಡು ಸಲವೂ ಹೊಟ್ಟೆ ಕೆಟ್ಟಿತು. ಎರಡನೇ ಸಲ ಸಲೈನ್ ಹಾಕಿಸಿಕೊಂಡೆ. ಅಲ್ಲಿಗೆ ಸಾವಿರದ ಇನ್ನೂರು ಹೋಯಿತು. ಆಮೇಲೆ ತಿಳಿಯಿತು, ಅಲ್ಲಿ ತಿಂಗಳ ಉದ್ದರಿ ನಡೆಯುತ್ತದೆ, ಅದಕ್ಕೇ ಆ ಗದ್ದಲ. ಹೆಸರು ಹೇಳೋದಿಲ್ಲ. ಪಾಪ, ಈಗ ಸುಧಾರಿಸಿರಬಹುದು.

ಗಿರಣಿಯ ಯೋಚನೆ ಬಂದದ್ದು ನನ್ನ ಹೆಂಡತಿಯಿಂದ. ಒಂದು ದಿನ ನಾನು ಮನೆಗೆ ಬಂದು, ಹೊರಗಿನ ರೊಟ್ಟಿ ಅಂಚೆಲ್ಲ ಬಿರುಕು ಬಿಟ್ಟಿತ್ತು ಅಂತ ಗೊಣಗುತ್ತಿದ್ದೆ. "ಹಿಟ್ಟು ಹಳೇದಿರ್ತದ. ಜಿಗಿ ಹೋಗಿರ್ತದ. ಇದಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ" ಅಂದಳು. ಜಿಗಿ ಅಂದರೆ ಹಿಟ್ಟಿನ ಅಂಟು. ಅವಳಿಗೆ ಅದು ಮಾತೇ ಅಲ್ಲ. ನನಗೆ ನಿದ್ದೆ ಬರಲಿಲ್ಲ. ಜೋಳದ ಹಿಟ್ಟು ಗೋಧಿ ಹಿಟ್ಟಿನ ಹಾಗೆ ತಿಂಗಳುಗಟ್ಟಲೆ ತಡೆಯೋದಿಲ್ಲ. ಹಾಗಾದರೆ ಒಳ್ಳೆ ರೊಟ್ಟಿ ಕೊಡುವವನು ದಿನಾ ಇಲ್ಲವೇ ದಿನ ಬಿಟ್ಟು ದಿನ ಗಿರಣಿಗೆ ಹೋಗಲೇಬೇಕು. ಅವನು ಊಟದವರಿಗೆ ಎಷ್ಟಾದರೂ ಸುಳ್ಳು ಹೇಳಲಿ, ಗಿರಣಿಯವನಿಗೆ ಹೇಳೋಕಾಗೋದಿಲ್ಲ.

ನಂಬುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ಒಂದೇ ಚೀಲದ ಮಾಲ್ದಂಡಿ ಅನ್ನೋ ಬಿಳಿ ಜೋಳ ಬೀಸಿಸಿ, ಹಿಟ್ಟನ್ನು ನಾಲ್ಕು ಡಬ್ಬಿಗೆ ಹಾಕಿಟ್ಟೆ. ಅದೇ ದಿನ ಒಂದು ಡಬ್ಬಿಯ ರೊಟ್ಟಿ. ಆಮೇಲೆ ಐದನೇ ದಿನ, ಹನ್ನೆರಡನೇ ದಿನ, ಹೆಚ್ಚುಕಡಿಮೆ ಇಪ್ಪತ್ತೈದನೇ ದಿನ. ಐದನೇ ದಿನದ್ದಕ್ಕೂ ಮೊದಲ ದಿನದ್ದಕ್ಕೂ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಪಕ್ಕದ ಮನೆ ಅಕ್ಕೋರು ಒಂದೇ ತುತ್ತಿಗೆ ಹೇಳಿದರು. ಹನ್ನೆರಡನೇ ದಿನ ಅಂಚು ಒಡೆಯಿತು, ನಾಲಿಗೆ ಹಿಂದೆ ಸಣ್ಣ ಕಹಿ. ಇಪ್ಪತ್ತೈದನೇ ದಿನದ ಹಿಟ್ಟು ತಟ್ಟೆಯಷ್ಟು ಅಗಲ ಆಗುವ ಮೊದಲೇ ಹರಿದುಹೋಯಿತು. "ನಿಮಗೇನ್ ತಲಿ ಕೆಟ್ಟದೇನ್ರಿ, ಹಾಳು ಹಿಟ್ಟಿನ ರೊಟ್ಟಿ ನನ್ನ ಕೈಲೆ ತಟ್ಟಿಸ್ತೀರಿ" ಅಂತ ಹೆಂಡತಿಯಿಂದ ಬೈಸಿಕೊಂಡೆ. ಅದು ಚಳಿಗಾಲ. ನಮ್ಮ ಊರಿನ ಮೇ ತಿಂಗಳಲ್ಲಿ ಇದೆಲ್ಲ ಇನ್ನೂ ಬೇಗ ಆಗುತ್ತದೆ.

ಗಿರಣಿಗೆ ಹೋಗೋದು ಸುಲಭ, ಅಲ್ಲಿ ಮಾತು ತೆಗೆಯೋದು ಕಷ್ಟ. ಮೊದಲ ಗಿರಣಿಯಲ್ಲಿ ನೇರವಾಗಿ ಕೇಳಿದೆ, ಯಾವ ಖಾನಾವಳಿಯವರು ಇಲ್ಲಿ ದಿನಾ ಬೀಸಿಸುತ್ತಾರೆ ಅಂತ. ಗಿರಣಿಯವರು ಮಷಿನ್ ಬಂದ್ ಮಾಡಿ, ಮೈಮೇಲಿನ ಹಿಟ್ಟು ಕೊಡವಿಕೊಂಡು, "ನೀವು ಯಾವ ಡಿಪಾರ್ಟ್‌ಮೆಂಟಿನವರ್ರಿ?" ಅಂದರು. ಎರಡನೇ ಕಡೆ ಕರೆಂಟ್ ಬಿಲ್ಲಿನವನು ಅಂತ ತಿಳಿದರು. ಮೂರನೇ ಕಡೆ, ಎದುರಿಗೆ ಹೊಸ ಗಿರಣಿ ಹಾಕೋಕೆ ಲೆಕ್ಕ ತೆಗೆಯುತ್ತಿದ್ದಾನೆ ಅಂತ ಅನುಮಾನ.

ಆಮೇಲೆ ದಾರಿ ಬದಲಿಸಿದೆ. ಹೋದಾಗಲೆಲ್ಲ ಎರಡು ಕೆಜಿ ಜೋಳ ಒಯ್ದೆ. ಬೆಳಗ್ಗೆ ಆರೂವರೆಯಿಂದ ಏಳೂವರೆ, ಅದೇ ಸರಿಯಾದ ಹೊತ್ತು. ಖಾನಾವಳಿಯವರ ಚೀಲ ಆಗಲೇ ಬರುತ್ತವೆ. ಸಾಲಿನಲ್ಲಿ ಡಬ್ಬಿ ಇಟ್ಟು ಸುಮ್ನೆ ನಿಂತರೆ ಸಾಕು. ಯಾರ ಚೀಲ, ಎಷ್ಟು ತೂಕ, ಜೋಳದ ಬಣ್ಣ ಯಾವುದು, ಎಲ್ಲ ಕಣ್ಣಿಗೆ ಬೀಳುತ್ತದೆ. ಹಿಂಗಾರಿಯ ಬಿಳಿ ಜೋಳವೋ, ಮಳೆಗೆ ಸಿಕ್ಕಿ ಕಪ್ಪಾದ ಮುಂಗಾರಿ ಹೈಬ್ರಿಡ್ಡೋ ಅಂತ ಹೇಳೋಕೆ ನಮ್ಮಂಥವರಿಗೆ ಒಂದು ಹಿಡಿ ನೋಡಿದರೆ ಸಾಕು. ಎರಡು ವಾರ ಕಳೆದ ಮೇಲೆ ಗಿರಣಿಯವರೇ ಚಹಾ ತರಿಸಿದರು. ಆಗ ಒಂದು ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆ ಇಲ್ಲಿ ಬರೆಯೋದಿಲ್ಲ. ಅದನ್ನು ಕೇಳಿದರೆ ಅವರು ತಾವೇ ಎಲ್ಲ ಹೇಳುತ್ತಾರೆ ಅನ್ನೋದಷ್ಟೇ ಇಟ್ಟುಕೊಳ್ಳಿ.

ಶಹಾಬಜಾರ, ಬ್ರಹ್ಮಪುರ, ನೆಹರು ಗಂಜ್ ಮಾರುಕಟ್ಟೆ, ಸೇಡಂ ರಸ್ತೆ, ಎಲ್ಲ ಸೇರಿ ಎಂಟು ಗಿರಣಿ. ಎರಡು ತಿಂಗಳಲ್ಲಿ ಮನೆಯಲ್ಲಿ ನಲವತ್ತು ಕೆಜಿಯಷ್ಟು ಹಿಟ್ಟು ಬಿದ್ದಿತ್ತು. ತಿಂದು ಮುಗಿಯೋ ಮಾತೇ ಇಲ್ಲ. ತಂಗಿ ಮನೆಗೆ, ಓಣಿಯವರಿಗೆ, ಮಠದ ದಾಸೋಹಕ್ಕೆ ಕೊಟ್ಟೆ. ಜೋಳ, ಬೀಸೋ ಕೂಲಿ, ಪೆಟ್ರೋಲ್, ಸುಮಾರು ಇಪ್ಪತ್ತಮೂರು ಖಾನಾವಳಿಗಳ ಊಟ, ಆ ಸಲೈನ್ ಎಲ್ಲ ಕೂಡಿಸಿದರೆ ಏಳು ಸಾವಿರದ ಹತ್ತಿರ ಆಗಿರಬೇಕು. ಮನೆಯಲ್ಲಿ ನಾಲ್ಕು ಅಂತ ಹೇಳಿದ್ದೇನೆ.

ಈ ದಾರಿಯಲ್ಲೂ ಎಡವಿದೆ. ಗಂಜಿನ ಒಂದು ಗಿರಣಿಗೆ ದಿನಾ ಮೂವತ್ತು ಕೆಜಿ ಬರುತ್ತಿತ್ತು. ಒಳ್ಳೆ ಬಿಳಿ ಜೋಳ, ಕಲ್ಲಿಲ್ಲ, ಹೊಟ್ಟಿಲ್ಲ. ಸಿಕ್ಕಿತು ನಿಧಿ ಅಂತ ಒಂದು ದಿನ ಆ ಚೀಲ ಹಾಕಿಕೊಂಡ ಆಟೋ ಹಿಂದೆಯೇ ಬೈಕ್ ಬಿಟ್ಟೆ. ಅದು ಹೋಗಿ ನಿಂತದ್ದು ಹುಡುಗರ ಹಾಸ್ಟೆಲ್ ಮುಂದೆ. ವಾಚ್‌ಮನ್ ನನ್ನನ್ನು ನೋಡಿ, "ಅಡ್ಮಿಷನ್ ಮುಗದಾವ್ರಿ" ಅಂದ.

ಇನ್ನೊಂದು ಕಡೆ ಹಿಟ್ಟು ದಿನಾ ಹೊಸದು, ರೊಟ್ಟಿ ಹೂವಿನಂತೆ. ಪಲ್ಯಕ್ಕೆ ಮಾತ್ರ ಸೋಡಾ ಹಾಕಿ ಬದನೆಕಾಯಿಯನ್ನು ಮುದ್ದೆ ಮಾಡಿದ್ದರು. ಮೇಲೆ ಎರಡು ಬೆರಳು ಎಣ್ಣೆ. ಆಗ ಎರಡನೇ ಜರಡಿ ಬೇಕಾಯಿತು. ಈಗ ನಾನು ಕುಂತ ಕೂಡಲೇ ಪಲ್ಯ ಮುಟ್ಟೋದಿಲ್ಲ. ಮೊದಲು ಶೇಂಗಾ ಹಿಂಡಿಯನ್ನು, ಅಂದರೆ ಶೇಂಗಾ ಚಟ್ನಿಪುಡಿಯನ್ನು, ಬರೀ ನಾಲಿಗೆಗೆ ಹಚ್ಚಿ ನೋಡುತ್ತೇನೆ. ಹಳೆಯದಾದರೆ ಎಣ್ಣೆ ಕಮಟು ತಕ್ಷಣ ಗೊತ್ತಾಗುತ್ತದೆ. ಹಿಂಡಿಯಲ್ಲಿ ಕಂಜೂಸಿ ಮಾಡುವವನು ಪಲ್ಯದಲ್ಲಿ ಬಿಡುತ್ತಾನಾ? ಅಗಸಿ ಹಿಂಡಿ ಇಟ್ಟಿದ್ದರೆ ಇನ್ನೂ ಒಳ್ಳೆಯದು. ಹುಳಿ ಸೊಪ್ಪಿನ ಪುಂಡಿಪಲ್ಯ ಕೇಳದೆಯೇ ಬಂದರೆ ನಾನು ಬ್ಯಾಗ್ ಕೆಳಗಿಟ್ಟು ಆರಾಮಾಗಿ ಕೂರುತ್ತೇನೆ.

ಮೋಸ ಹೋದದ್ದೂ ಉಂಟು. ಒಂದು ಹೊಸ ಜಾಗದಲ್ಲಿ ಬಾಗಿಲಲ್ಲೇ ಒಬ್ಬ ಅವ್ವನನ್ನು ಕೂರಿಸಿ ರೊಟ್ಟಿ ತಟ್ಟಿಸುತ್ತಿದ್ದರು. ಟಪ ಟಪ ಸದ್ದು ರಸ್ತೆಗೆ ಕೇಳುತ್ತಿತ್ತು. ಒಳಗೆ ಕುಂತ ನಮಗೆ ಬಂದದ್ದು ಹಿಂದಿನ ಬಾಗಿಲಿಂದ ಬುಟ್ಟಿಯಲ್ಲಿ ಬಂದ ರೊಟ್ಟಿ. ಮುಂದೆ ಬಡಿದದ್ದು ಬರೀ ನೋಡೋಕೆ. 2023ರ ಬರದ ವರ್ಷ ಇನ್ನೊಂದು ಆಟ ನಡೆಯಿತು. ಅದು ವಿಶ್ವಸಂಸ್ಥೆ ಸಾರಿದ ಸಿರಿಧಾನ್ಯ ವರ್ಷ ಬೇರೆ. ನಮ್ಮ ಅಂಗಡಿಯಲ್ಲಿ ಒಳ್ಳೆ ಜೋಳ ಕೆಜಿಗೆ 60 ದಾಟಿತ್ತು ಅಂತ ನೆನಪು. ಕೆಲವರು ಹಳೆ ಹಿಟ್ಟಿಗೆ ಗೋಧಿ ಹಿಟ್ಟು ಬೆರೆಸಿದರು. ಬಿಸಿ ಇದ್ದಾಗ ಗೊತ್ತಾಗೋದಿಲ್ಲ. ಆರಿದ ಮೇಲೆ ಎಳೆದು ನೋಡಿ. ಜೋಳದ ರೊಟ್ಟಿ ಮುರಿಯುತ್ತದೆ, ಬೆರಕೆ ರೊಟ್ಟಿ ರಬ್ಬರಿನಂತೆ ಜಗ್ಗುತ್ತದೆ.

ಬ್ರಹ್ಮಪುರದ ಕಡೆಯ ಆ ಖಾನಾವಳಿಗೆ ಬೋರ್ಡಿಲ್ಲ. ನಾಲ್ಕು ಟೇಬಲ್. ಗಿರಣಿಗೆ ದಿನಾ ಹನ್ನೆರಡು ಕೆಜಿ ಕಳಿಸುತ್ತಾರೆ, ಒಂದು ದಿನವೂ ಹದಿಮೂರಾಗಿಲ್ಲ. ನನಗೆ ಹಿಡಿಸಿದ್ದು ಅದೇ. ರೊಟ್ಟಿ ಮಾಡುವ ಅಕ್ಕೋರು ಎಸರು ಸುರಿದು ಹಿಟ್ಟು ನಾದುವಾಗ ಕೈ ಸುಡುತ್ತದೆ, ಆದರೂ ಆರೋಕೆ ಬಿಡೋದಿಲ್ಲ. ಮುದ್ದೆ ಕಲ್ಲಿನ ಮೇಲೆ ಬಿದ್ದ ಮೇಲೆ ಎರಡೂ ಅಂಗೈಯಲ್ಲಿ ಬಡಿತ. ಬಡಿತಕ್ಕೇ ರೊಟ್ಟಿ ಸುತ್ತುತ್ತ ಹೋಗುತ್ತದೆ, ಯಾರೂ ತಿರುಗಿಸೋದಿಲ್ಲ. ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ಆ ನೀರು ಪೂರ್ತಿ ಆರುವ ಮೊದಲೇ ಮಗುಚಬೇಕು. ಆಮೇಲೆ ಬೆಂಕಿ ಕಡೆ ಹಿಡಿದರೆ ಪೂರಿಯ ಹಾಗೆ ಉಬ್ಬುತ್ತದೆ. ತಟ್ಟೆಗೆ ಬಂದಾಗ ಮೇಲಿನ ಪದರು ಎತ್ತಿ, ಒಳಗೆ ಬೆಣ್ಣೆ ಇಟ್ಟು, ಎಣ್ಣೆಗಾಯಿ ಸವರಿಕೊಂಡು ಉಂಡೆ. ಆಗ ತಟ್ಟೆಗೆ 90 ರೂಪಾಯಿ ಇತ್ತು. ಬೆಣ್ಣೆಗೆ ಬೇರೆ ಹತ್ತು.

ಇದನ್ನೇ ಬೇರೆ ಊಟಕ್ಕೂ ಹಚ್ಚಿ ನೋಡಿದೆ. ತಹರಿಗೆ, ಅಂದರೆ ನಮ್ಮ ಕಡೆಯ ಮಸಾಲೆ ಅನ್ನಕ್ಕೆ, ನಡೆಯಲಿಲ್ಲ. ಅಕ್ಕಿ ಅಂಗಡಿಯವರನ್ನು ಕೇಳಿದರೆ ಎಲ್ಲರೂ ಎಲ್ಲರಿಗೂ ಮಾರುತ್ತಾರೆ, ಏನೂ ತಿಳಿಯೋದಿಲ್ಲ. ತಹರಿಯ ರುಚಿ ಇರೋದು ಮಸಾಲೆಯಲ್ಲಿ, ಬೆಂಕಿಯಲ್ಲಿ. ಅದಕ್ಕೆ ಬೇರೆ ದಾರಿ ಹುಡುಕಬೇಕು.

ದೀಪಾವಳಿಗೆ ಅಣ್ಣನ ಮಗ ಬೆಂಗಳೂರಿನಿಂದ ಬಂದಿದ್ದ. ಕಂಪನಿ ಕೆಲಸಕ್ಕೆ ಆರು ತಿಂಗಳು ಟೋಕಿಯೋದಲ್ಲಿ ಇದ್ದು ಬಂದವನು. "ಕಾಕಾ, ನೀ ಅಷ್ಟು ಹುಡುಕ್ತಿ ಅಲ್ಲ, ಇಲ್ಲಿ ರಾಮೆನ್ ಹುಡುಕಿ ಕೊಡು ನೋಡೋಣ" ಅಂದ. ರಾಮೆನ್ ಅಂದರೆ ಜಪಾನಿನವರ ಸಾರಿನ ನೂಡಲ್ಸ್. ಗಂಟೆಗಟ್ಟಲೆ ಕುದಿಸಿದ ಎಲುಬಿನ ಸಾರು, ಅದರಲ್ಲಿ ಗೋಧಿಯ ಎಳೆ. ನಾನು ಅದೇ ದಾರಿ ಹಿಡಿದೆ. ತಿನ್ನುವ ಜಾಗ ಕೇಳಲಿಲ್ಲ, ಎಳೆ ಎಲ್ಲಿಂದ ಬರುತ್ತದೆ ಅಂತ ಕೇಳಿದೆ. ಸೂಪರ್ ಮಾರ್ಕೆಟ್ ಸುತ್ತಲಿನ ನೂಡಲ್ಸ್ ಬಂಡಿ, ದೊಡ್ಡ ಹೋಟೆಲು, ನಾನು ಕೇಳಿದ ಕಡೆಯೆಲ್ಲ ಒಣ ಪ್ಯಾಕೆಟ್ಟೇ. ಹಸಿ ಎಳೆ ಮಾಡುವವರು ಒಬ್ಬರೂ ಸಿಗಲಿಲ್ಲ. ನಮ್ಮಲ್ಲಿ ಇಲ್ಲಪ್ಪಾ ಅಂತ ಅರ್ಧ ದಿನದಲ್ಲೇ ಹೇಳಿದೆ. ಮ್ಯಾಪ್ ನೋಡಿಕೊಂಡು ಕೂತಿದ್ದರೆ ಒಂದು ವಾರ ಹೋಗುತ್ತಿತ್ತು.

ಆಗ ಅವನು ಹೇಳಿದ ಮಾತು ಕೇಳಿ ನನಗೆ ಎದೆ ಉಬ್ಬಿತು. ಅಲ್ಲಿ ಎಷ್ಟೋ ಅಂಗಡಿಯವರು ಎಳೆಯನ್ನು ತಾವು ಮಾಡೋದಿಲ್ಲ, ಎಳೆ ಮಾಡುವ ಕಾರ್ಖಾನೆಯಿಂದ ತರಿಸುತ್ತಾರೆ. ಆ ಕಾರ್ಖಾನೆಯ ಹೆಸರು ಬರೆದ ಪೆಟ್ಟಿಗೆ ಅಂಗಡಿ ಮುಂದೆ ಒಂದರ ಮೇಲೊಂದು ಇಟ್ಟಿರುತ್ತಾರಂತೆ. ತಿಳಿದವರು ಮೊದಲು ಪೆಟ್ಟಿಗೆ ಮೇಲಿನ ಹೆಸರು ನೋಡುತ್ತಾರಂತೆ. ನೋಡ್ರಿ, ನಮ್ಮ ಗಿರಣಿ ಚೀಲದ ಲೆಕ್ಕವೇ ಅದು!

ಹುಡುಗನ ಮನಸ್ಸು ಮುರಿಯಬಾರದು ಅಂತ ಮನೆಯಲ್ಲೇ ಮಾಡಿದೆವು. ಆ ಎಳೆಗೆ ಕ್ಷಾರದ ನೀರು ಬೇಕು, ಕಾನ್ಸುಯಿ ಅನ್ನುತ್ತಾರೆ. ಹಳದಿ ಬಣ್ಣ, ಪುಟಿಯುವ ಗುಣ ಅದರಿಂದಲೇ. ಅದರ ಬದಲಿಗೆ ಅಡುಗೆ ಸೋಡಾವನ್ನು ತವಾದ ಮೇಲೆ ಒಂದು ಗಂಟೆ ಹುರಿದು ಮೈದಾಕ್ಕೆ ಹಾಕಿದೆವು. ಮೊದಲ ಸಲ ಜಾಸ್ತಿಯಾಗಿ ಇಡೀ ಅಡುಗೆ ಮನೆ ಸಾಬೂನಿನ ವಾಸನೆ. ಎರಡನೇ ಸಲ ಅರ್ಧ ಕೆಜಿ ಮೈದಾಕ್ಕೆ ಒಂದು ಸಣ್ಣ ಚಮಚ, ಸರಿಹೋಯಿತು. ಅವರು ಹಂದಿ ಎಲುಬು ಕುದಿಸುತ್ತಾರೆ, ನಾವು ಕುರಿಯ ಪಾಯಾ, ಅಂದರೆ ಕಾಲು, ರಾತ್ರಿಯಿಡೀ ಕುದಿಯೋಕೆ ಇಟ್ಟೆವು. ಹುಡುಗ ಉಂಡು, "ಕಾಕಾ, ಇದು ರಾಮೆನ್ ಅಲ್ಲ. ಆದ್ರ ಇನ್ನೊಂದು ಬಟ್ಟಲು ಹಾಕು" ಅಂದ.

ನಾಲ್ಕು ತಿಂಗಳಲ್ಲಿ ಕಲಬುರಗಿಯಲ್ಲಿ ಮೂರು ಖಾನಾವಳಿ ಸಿಕ್ಕವು, ಯಾದಗಿರಿಯಲ್ಲಿ ಒಂದು. ಬ್ರಹ್ಮಪುರದ್ದನ್ನು ಹೇಳಿಬಿಟ್ಟಿದ್ದೇನೆ. ಗಂಜಿನ ಹತ್ತಿರದ್ದು ಹಮಾಲರಿಗೆಲ್ಲ ಗೊತ್ತು, ಎರಡು ಗಂಟೆಗೆ ಮುಂಚೆ ಹೋಗಬೇಕು. ಮೂರನೆಯದು ನನ್ನ ಹತ್ತಿರವೇ ಇರಲಿ. ಅಲ್ಲಿ ಇರೋದೇ ಆರು ಕುರ್ಚಿ.

ನಿನ್ನೆ ಶಹಾಬಜಾರದ ಗಿರಣಿಯವರು ಫೋನ್ ಮಾಡಿದ್ದರು. "ಸಾಹೇಬ್ರ, ಹೊಸ ಗಿರಾಕಿ ಬಂದಾರ. ಮೂರು ದಿನ ಆಯ್ತು, ದಿನಾ ಎಂಟು ಕೆಜಿ. ಮಾಲ್ದಂಡಿ ಅದ, ಕೈಲೆ ಆರಿಸಿ ತರ್ತಾರ. ಎಲ್ಲಿ ಇಟ್ಟಾರ ಕೇಳಿಲ್ಲ." ನಾಳೆ ಆರೂವರೆಗೆ ಹೋಗಬೇಕು. ಎರಡು ಕೆಜಿ ಜೋಳ ಅಳೆದು ಡಬ್ಬಿಗೆ ಹಾಕಿಟ್ಟಿದ್ದೇನೆ. ಹೆಂಡತಿ ಇನ್ನೂ ನೋಡಿಲ್ಲ.