ಗುರುವಾರ ನಾಲ್ಕು ಗಂಟೆಗೆ

ನಾನು ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದವಳು. ಮೈಸೂರಿನಲ್ಲೇ ಮೂರು ಬ್ರಾಂಚ್, ಒಟ್ಟು ಮೂವತ್ತೊಂದು ವರ್ಷ. ಕೊನೆಯ ಬ್ರಾಂಚಿಗೆ ಒಬ್ಬರು ತಾತ ಬರುತ್ತಿದ್ದರು. ದಿನ ಬಿಟ್ಟು ದಿನ, ಸರಿಯಾಗಿ ಹನ್ನೊಂದು ಗಂಟೆಗೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಪಾಸ್‌ಬುಕ್. "ಎಂಟ್ರಿ ಹಾಕ್ಕೊಡಿ ಮೇಡಂ" ಅನ್ನೋರು. ಹಾಕುವುದಕ್ಕೆ ಏನೂ ಇರುತ್ತಿರಲಿಲ್ಲ. ತಿಂಗಳಿಗೊಂದು ಪೆನ್ಷನ್, ಒಂದೆರಡು ಸಲ ದುಡ್ಡು ತೆಗೆದದ್ದು, ಅಷ್ಟೇ. ನಾನು ಪಾಸ್‌ಬುಕ್ಕನ್ನು ಪ್ರಿಂಟರಿಗೆ ಕೊಟ್ಟು, ಅದು ಏನೂ ಬರೆಯದೆ ಹೊರಗೆ ದಬ್ಬಿದ ಮೇಲೆ ವಾಪಸ್ ಕೊಡುತ್ತಿದ್ದೆ. ಆ ಎರಡು ನಿಮಿಷದಲ್ಲಿ ಅವರು ಬಿಸಿಲಿನ ವಿಷಯ ಹೇಳೋರು, ನಿಂಬೆಹಣ್ಣಿನ ರೇಟು ಹೇಳೋರು, ನನ್ನ ಮಗಳ ಪರೀಕ್ಷೆ ಹೇಗಾಯ್ತು ಅಂತ ಕೇಳೋರು.

ಆಮೇಲೆ ಬಾಗಿಲ ಹತ್ತಿರ ಪಾಸ್‌ಬುಕ್ ಮಷೀನ್ ಬಂತು. ಬಾರ್‌ಕೋಡ್ ಅಂಟಿಸಿದ ಪುಸ್ತಕ ಇಟ್ಟರೆ ಅದೇ ಮುದ್ರಿಸಿ ಕೊಡುತ್ತದೆ. ಕ್ಯೂ ಕಡಿಮೆಯಾಯಿತು ಅಂತ ನಮಗೆಲ್ಲ ಖುಷಿ. ತಾತನಿಗೆ ಮಷೀನ್ ಹೇಗೆ ಅಂತ ನಾನೇ ಪಕ್ಕದಲ್ಲಿ ನಿಂತು ತೋರಿಸಿದೆ. ಬೇಗ ಕಲಿತರು. ನಾಲ್ಕೈದು ಸಲ ಬಂದರು. ಆಮೇಲೆ ಬರಲಿಲ್ಲ. ಅವರು ಎಂಟ್ರಿಗೆ ಬರುತ್ತಿರಲಿಲ್ಲ ಅನ್ನೋದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಏಳೆಂಟು ತಿಂಗಳಾಗಿತ್ತು.

2018ರಲ್ಲಿ ಸ್ವಯಂ ನಿವೃತ್ತಿ ತಗೊಂಡೆ. ಮರುವರ್ಷ ನಾವು ಮೂರು ಜನ ಸೇರಿದೆವು. ನಾನು, ಕುವೆಂಪುನಗರದ ನಮ್ಮ ಪಕ್ಕದ ಬೀದಿಯಲ್ಲಿರುವ ರಿಟೈರ್ಡ್ ನರ್ಸ್ ಅಕ್ಕ, ಮತ್ತೆ ಸಮಾಜಕಾರ್ಯ ಓದುತ್ತಿದ್ದ ಒಬ್ಬ ಹುಡುಗ. ಕೆಲಸ ಇಷ್ಟೇ: ಒಂಟಿಯಾಗಿರುವ ವಯಸ್ಸಾದವರ ಮನೆಗೆ ವಾರಕ್ಕೊಂದು ಸಲ ಹೋಗಿ, ಒಂದು ಗಂಟೆ ಕೂತು ಬರೋದು. ಟ್ರಸ್ಟ್ ಅಂತ ನೋಂದಣಿ ಮಾಡಿಸಿದ್ದು ಎಷ್ಟೋ ಆಮೇಲೆ. ಆ ಕಾಗದ ಪತ್ರದ ಕಥೆ ಬೋರು, ಬಿಡಿ.

ಮೊದಲ ಭೇಟಿ ಪೂರ್ತಿ ಕೆಟ್ಟಿತು. ಅಕ್ಟೋಬರ್ 1, ಹಿರಿಯರ ದಿನ. ಆ ವರ್ಷ ಅದು ದಸರಾ ನಡುವೆಯೇ ಬಂದಿತ್ತು, ಊರೆಲ್ಲ ದೀಪ. ಸರಸ್ವತಿಪುರದಲ್ಲಿ ಒಬ್ಬರೇ ಇರುವ ರಿಟೈರ್ಡ್ ಮೇಷ್ಟ್ರ ಮನೆಗೆ ಹೋದೆವು. ಮೂರು ಜನ ಸಾಲದು ಅಂತ ಇನ್ನೊಬ್ಬರನ್ನೂ ಕರೆದುಕೊಂಡಿದ್ದೆವು. ಕೈಯಲ್ಲಿ ಹಣ್ಣಿನ ಬುಟ್ಟಿ, ಒಂದು ಶಾಲು. ಮೇಷ್ಟ್ರು ಬಾಗಿಲಲ್ಲೇ ನಿಂತು ಬುಟ್ಟಿ ನೋಡಿದರು. "ಹಣ್ಣು ಯಾಕಮ್ಮ? ನಾನಿನ್ನೂ ಆಸ್ಪತ್ರೆ ಸೇರಿಲ್ವಲ್ಲ" ಅಂದರು. ಅಷ್ಟರಲ್ಲಿ ನಮ್ಮ ಹುಡುಗ ಫೋಟೋಗೆ ಅಂತ ಮೊಬೈಲ್ ತೆಗೆದ. "ಓ, ಪೇಪರಿಗೆ ಹಾಕ್ತೀರಾ? ಹಾಗಾದ್ರೆ ಶೇವ್ ಮಾಡ್ಕೊಂಡು ಬರ್ತೀನಿ, ಇರಿ" ಅಂತ ಒಳಗೆ ಹೋದರು. ಇಪ್ಪತ್ತು ನಿಮಿಷ ಕಾದೆವು. ಹೊರಗೆ ಬರಲೇ ಇಲ್ಲ. ಬುಟ್ಟಿಯನ್ನು ಜಗಲಿ ಮೇಲಿಟ್ಟು ಕಳ್ಳರ ಹಾಗೆ ಗೇಟು ಹಾಕಿಕೊಂಡು ಬಂದೆವು.

ಅವತ್ತೇ ಹಣ್ಣು, ಶಾಲು, ಫೋಟೋ ಮೂರೂ ಬಂದ್. ಒಂದು ಮನೆಗೆ ಒಬ್ಬರೇ ಹೋಗಬೇಕು, ಮೊದಲ ಸಲ ಮಾತ್ರ ಪರಿಚಯ ಮಾಡಿಸೋಕೆ ಇನ್ನೊಬ್ಬರು ಅಂತ ಮಾಡಿಕೊಂಡೆವು.

ಮೈಸೂರನ್ನು ಪೆನ್ಷನರ ಸ್ವರ್ಗ ಅಂತಾರೆ, ಆದರೆ ಒಂಟಿ ಇರೋರು ಕಣ್ಣಿಗೆ ಬೀಳೋದಿಲ್ಲ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯೋರು, ಪಾರ್ಕಿನಲ್ಲಿ ಹೋ ಅಂತ ನಗೋರು ನಮಗೆ ಬೇಕಾದವರಲ್ಲ. ಬೇಕಾದವರು ಬಾಗಿಲ ಒಳಗಿರುತ್ತಾರೆ. ಅವರ ವಿಷಯ ಗೊತ್ತಿರೋದು ಹಾಲು ಹಾಕೋ ಹುಡುಗನಿಗೆ, ಹೂವಮ್ಮನಿಗೆ, ಮೆಡಿಕಲ್ ಸ್ಟೋರಿನವರಿಗೆ, ಸಿಲಿಂಡರ್ ತರೋರಿಗೆ. ಒಬ್ಬ ಹಾಲಿನ ಹುಡುಗ ಹೇಳಿದ: "ಆ ಮನೆ ಅಜ್ಜಿ ದಿನಾ ಅರ್ಧ ಲೀಟರ್ ತಗೋತಿದ್ರು, ಈಗ ಎರಡು ದಿನಕ್ಕೊಂದು ಪ್ಯಾಕೆಟ್. ಬರೋರು ಹೋಗೋರು ನಿಂತ್‌ಹೋದ್ರು ಅನ್ಸುತ್ತೆ." ಇದಕ್ಕಿಂತ ಒಳ್ಳೇ ಸರ್ವೆ ಯಾವ ಇಲಾಖೆ ಮಾಡುತ್ತೆ ಹೇಳಿ.

ಮಕ್ಕಳು ಕೆಟ್ಟವರು ಅಂತ ಯಾರೂ ತಿಳಿಯಬೇಡಿ. ನಾವು ಹೋಗುವ ಮನೆಗಳಲ್ಲಿ ಜಾಸ್ತಿ ಜನಕ್ಕೆ ಮಕ್ಕಳಿದ್ದಾರೆ, ಭಾನುವಾರ ವಿಡಿಯೋ ಕಾಲೂ ಬರುತ್ತೆ. ಮಗ ಸೊಸೆ ಮಹಡಿ ಮೇಲೆ, ತಾಯಿ ಕೆಳಗೆ ಇದ್ದು, ವಾರಗಟ್ಟಲೆ ಮಾತಿಲ್ಲದ ಮನೆಯೂ ಒಂದಿದೆ. ಒಬ್ಬರೇ ಇರೋದು ಬೇರೆ, ಒಂಟಿಯಾಗಿರೋದು ಬೇರೆ.

ಬಾಗಿಲು ತೆರೆಸೋಕೆ ನನ್ನ ಬ್ಯಾಂಕಿನ ಕೆಲಸ ಸಹಾಯಕ್ಕೆ ಬಂತು. ಪೆನ್ಷನರು ಪ್ರತಿ ನವೆಂಬರಿನಲ್ಲಿ ಬದುಕಿದ್ದೇವೆ ಅಂತ ಜೀವನ ಪ್ರಮಾಣ ಪತ್ರ ಕೊಡಬೇಕಲ್ಲ. ಕೇಂದ್ರ ಸರ್ಕಾರದ ಪೆನ್ಷನರಿಗೆ 80 ದಾಟಿದ್ದರೆ ಅಕ್ಟೋಬರಿನಿಂದಲೇ ಕೊಡಬಹುದು. ಅದಕ್ಕಾಗಿ ಆಟೋ ಹಿಡಿದು, ಮೆಟ್ಟಿಲು ಹತ್ತಿ, ಬೆರಳಚ್ಚು ಬೀಳದೆ ಒದ್ದಾಡೋರನ್ನ ನಾನು ಕೌಂಟರಿನ ಈಚೆಯಿಂದ ನೋಡಿದ್ದೆ. ಬೆರಳ ಗೆರೆಯೇ ಸವೆದುಹೋಗಿರುತ್ತೆ. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತೆ. ನಾವು ಮನೆಗೇ ಹೋಗಿ ಮಾಡಿಕೊಡೋಕೆ ಶುರು ಮಾಡಿದೆವು. ಹತ್ತು ನಿಮಿಷದ ಕೆಲಸ, ಕಾಫಿ ಮುಗಿಯೋಷ್ಟರಲ್ಲಿ ಒಂದು ಗಂಟೆ. ಏಳುವಾಗ "ಮುಂದಿನ ವಾರವೂ ಬರಲಾ?" ಅಂತ ಕೇಳೋದು. "ಯಾಕೆ, ಇನ್ನೊಂದು ಸಲ ಬದುಕಿದ್ದೀನಿ ಅಂತ ತೋರಿಸ್ಬೇಕಾ?" ಅಂದವರೂ ಇದ್ದಾರೆ. ಆದರೆ ಬರಬೇಡಿ ಅಂದವರು ಕಡಿಮೆ.

ಕೂತ ಮೇಲೆ ಏನು ಮಾತಾಡೋದು? ಹೊಸಬರೆಲ್ಲ ಇದಕ್ಕೇ ಹೆದರುತ್ತಾರೆ. "ಆರೋಗ್ಯ ಹೇಗಿದೆ" ಅಂತ ಮಾತ್ರ ಶುರು ಮಾಡಬೇಡಿ ಅಂತೀನಿ. ಮಂಡಿ, ಶುಗರ್, ನಿದ್ದೆ ಅಂತ ಅಲ್ಲೇ ಸುತ್ತಿ ಇಬ್ಬರೂ ಸುಸ್ತಾಗುತ್ತಾರೆ. ಮೈಸೂರಿನವರನ್ನು ಮಾತಿಗೆ ಎಳೆಯೋಕೆ ಊರೇ ಸಾಕು. ದೇವರಾಜ ಮಾರ್ಕೆಟ್ಟಿನಲ್ಲಿ ಯಾವ ಅಂಗಡಿ ವೀಳ್ಯದೆಲೆ, ಪ್ರೀಮಿಯರ್ ಸ್ಟುಡಿಯೋದಲ್ಲಿ ಯಾರ ಶೂಟಿಂಗ್ ನೋಡಿದ್ದು, ಅಂತ ಕೇಳಿ. ರೇಡಿಯೋ ಇರುವ ಮನೆಯಾದರೆ ಆಕಾಶವಾಣಿ ವಿಷಯ ಕೇಳಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರು ಮಾಡಿದ್ದಲ್ವಾ ಅಂತ ಅಂದರೆ ಸಾಕು, ನಮಗೆ ಗೊತ್ತಿಲ್ಲದ ನಾಲ್ಕು ವಿಷಯ ಅವರೇ ಹೇಳ್ತಾರೆ.

ನನ್ನ ಪಾಲಿಗೆ ಬಂದವರು ಅಗ್ರಹಾರದ ಹತ್ತಿರದ ಒಂದು ವಠಾರದ ಅಜ್ಜಿ. ಎರಡು ದಿನಕ್ಕೊಂದು ಪ್ಯಾಕೆಟ್ ಹಾಲಿನ ಅಜ್ಜಿ ಅಂದ್ನಲ್ಲ, ಅವರೇ. ಆಗ 79. ಮೂರು ವಾರ ನಮ್ಮ ಮಾತು ಕುಂಟುತ್ತಾ ಹೋಯಿತು. ನಾಲ್ಕನೇ ವಾರ ಕೆಂಪು ಗಾರೆ ನೆಲದ ಮೇಲೆ ಅರ್ಧ ಅಳಿಸಿದ ಮನೆಗಳ ಗುರುತು ಕಂಡಿತು. ಐದೈದರ ಇಪ್ಪತ್ತೈದು ಮನೆ. "ಚೌಕಾಬಾರ ಆಡ್ತೀರಾ ಅಜ್ಜಿ?" ಅಂದೆ. "ಯಾರ ಜೊತೆ ಆಡ್ಲಿ, ಗೋಡೆ ಜೊತೆನಾ?"

ಮಂಡಿ ನೋವಿಗೆ ನೆಲದ ಮೇಲೆ ಕೂರೋಕಾಗಲ್ಲ. ರಟ್ಟಿನ ಮೇಲೆ ಗೆರೆ ಹಾಕಿ ಸ್ಟೂಲಿನ ಮೇಲಿಟ್ಟೆ. ಕವಡೆ ಅವರ ಹತ್ತಿರವೇ ಇತ್ತು, ಕುಂಕುಮದ ಭರಣಿಯಲ್ಲಿ, ನಾಲ್ಕೂ ಹಳದಿ ತಿರುಗಿದ್ದವು. ಕಾಯಿಗೆ ಅವರಿಗೆ ಬಳೆಚೂರು, ನನಗೆ ಹುಣಸೆಬೀಜ. ಅಲ್ಲಿಂದ ಮುಂದೆ ಮಾತಿನ ಚಿಂತೆಯೇ ಇರಲಿಲ್ಲ. ಆಡುವಾಗ ಮನುಷ್ಯರು ಮುಖ ನೋಡಿಕೊಂಡು ಮಾತಾಡಬೇಕಿಲ್ಲ. ತೀರಿಕೊಂಡ ತಂಗಿ ವಿಷಯ, ಮಾರಿದ ಓಲೆ ವಿಷಯ, ಎಲ್ಲ ಕವಡೆ ಕುಲುಕುತ್ತಾ ಕುಲುಕುತ್ತಾ ಬಂದವು. ಎದುರಾಳಿ ಕಾಯಿ ಹೊಡೀದೆ ಒಳಮನೆಗೆ ಹೋಗೋ ಹಾಗಿಲ್ಲ. ನನ್ನ ಕಾಯಿ ಹೊಡೆಯುವಾಗ ಅಜ್ಜಿ ಮುಖದಲ್ಲಿ ಒಂದು ಕಳೆ ಬರುತ್ತಿತ್ತು, ಅದನ್ನ ನೋಡೋಕೇ ನಾನು ಎರಡು ಸಲ ಬೇಕಂತ, ಕಾಯಿ ಹೊಡೆಯೋಕಾಗದ ಕಟ್ಟೆ ಮನೆ ಬಿಟ್ಟು ಈಚೆ ಬಂದಿದ್ದೆ. ಗೊತ್ತಾಗಿ ಬೈದರು. "ಸುಮ್ನೆ ಸೋಲೋದಾದ್ರೆ ಬರ್ಬೇಡ ಕಣೇ."

ನನ್ನ ತಪ್ಪಿನ ಕಥೆಗೆ ಬರುತ್ತೇನೆ. ಒಂದು ಗುರುವಾರ ಮಂಡ್ಯದಲ್ಲಿ ಮದುವೆ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟ ಮುಗಿಸಿ ಬರೋದು ಅಂತ ಲೆಕ್ಕ. ನೆಂಟರ ಮಾತು, ಬಸ್ಸು ತಡ, ಮನೆ ಸೇರಿದಾಗ ರಾತ್ರಿ ಎಂಟು. ಅಜ್ಜಿಗೆ ಫೋನ್ ಮಾಡೋದು ಮರೆತೇಹೋಗಿತ್ತು. ನೆನಪಾದಾಗಲೂ, ಈಗೇನು, ಮುಂದಿನ ವಾರ ಹೇಳಿದರಾಯ್ತು ಅಂದುಕೊಂಡೆ. ಮುಂದಿನ ವಾರ ಹೋದೆ. ಅಜ್ಜಿ ಒಂದು ಮಾತೂ ಬೈಯಲಿಲ್ಲ. ಯಾವಾಗಲೂ ನಾನು ಹೋಗುವಷ್ಟರಲ್ಲಿ ಎರಡು ಲೋಟ ಬಟ್ಟಲು ತೊಳೆದು ಒಲೆ ಪಕ್ಕ ಬೋರಲು ಹಾಕಿರುತ್ತಿದ್ದರು. ಅವತ್ತು ಒಂದೇ ಇತ್ತು. ಕವಡೆ ಭರಣಿ ದೇವರ ಗೂಡಿಗೆ ವಾಪಸ್ ಹೋಗಿತ್ತು. "ನೀನು ಬರ್ತೀಯೋ ಇಲ್ವೋ ಅಂತ" ಅಂದರು, ಅಷ್ಟೇ. ಪಕ್ಕದ ಮನೆಯಾಕೆ ಆಮೇಲೆ ಹೇಳಿದರು, ಅವತ್ತು ಅಜ್ಜಿ ಆರೂವರೆವರೆಗೂ ಬಾಗಿಲು ತೆಗೆದಿಟ್ಟು ಕೂತಿದ್ದರಂತೆ. ಎರಡನೇ ಲೋಟ ಮತ್ತೆ ಒಲೆ ಪಕ್ಕಕ್ಕೆ ಬರೋಕೆ ಐದು ವಾರ ಹಿಡಿಯಿತು.

ಈಗ ಹೊಸಬರು ಬಂದರೆ ಪ್ರೀತಿ, ಸೇವೆ ಅಂತ ನಾನು ಏನೂ ಹೇಳಲ್ಲ. ಗಡಿಯಾರ ತೋರಿಸ್ತೀನಿ. ಹೇಳಿದ ದಿನ, ಹೇಳಿದ ಹೊತ್ತು. ಆಗದಿದ್ದರೆ ಹಿಂದಿನ ದಿನವೇ ಫೋನ್. ನಿಮ್ಮ ಬದಲು ಗೊತ್ತಿಲ್ಲದವರನ್ನು ಕಳಿಸೋ ಹಾಗಿಲ್ಲ. ಆರು ತಿಂಗಳಿಗೆ ಒಪ್ಪದಿದ್ದರೆ ಶುರುವೇ ಬೇಡ. ಬಿಡೋದಾದರೆ ಇನ್ನು ಮೂರು ವಾರ ಬರ್ತೀನಿ ಅಂತ ಬಾಯಿಬಿಟ್ಟು ಹೇಳಿ ಬಿಡಬೇಕು. ಮೂರು ವಾರ ಬಂದು ಮಾಯವಾಗೋರಿಗಿಂತ ಬರದೇ ಇರೋರೇ ವಾಸಿ.

ಲಾಕ್‌ಡೌನ್ ಬಂದಾಗ ಭೇಟಿ ಎಲ್ಲ ಫೋನಿಗೆ ಬಂತು, ಹೊತ್ತು ಮಾತ್ರ ಬದಲಾಗಲಿಲ್ಲ. ನಾನೂ ಅಜ್ಜಿಯೂ ಫೋನಿನಲ್ಲೇ ಚೌಕಾಬಾರ ಆಡಿದೆವು. ಅಲ್ಲೊಂದು ರಟ್ಟು, ಇಲ್ಲೊಂದು ರಟ್ಟು. ಕವಡೆ ಹಾಕಿದ ಸದ್ದು ಕೇಳೋದು, ಆಮೇಲೆ "ಬಾರಾ!" ಅನ್ನೋರು. ಬಾರಾ ಅಂದರೆ ಎಂಟು, ನಾಲ್ಕೂ ಕವಡೆ ಕವುಚಿ ಬೀಳಬೇಕು. ಒಂದೇ ಆಟದಲ್ಲಿ ಹನ್ನೊಂದು ಸಲ ಬಾರಾ ಬಿತ್ತು. ನಾನು ಬ್ಯಾಂಕಿನವಳು, ಲೆಕ್ಕ ಇಟ್ಟಿದ್ದೀನಿ. ಕೇಳೋಕೆ ಹೋಗಲಿಲ್ಲ.

ಜೋಡಿ ಸರಿಯಾಗಿ ಕೂರಿಸೋದೇ ಅರ್ಧ ಕೆಲಸ. ಯಾದವಗಿರಿಯ ಜಾವಾ ಬೈಕ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ದ ಒಬ್ಬ ತಾತ ಇದ್ದರು. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತಲ್ಲ, ಅದೇ ಫ್ಯಾಕ್ಟರಿ. ಕಿವಿ ಬಹಳ ಮಂದ. ಇಬ್ಬರನ್ನು ಕಳಿಸಿದೆವು, ಇಬ್ಬರೂ "ಅವರಿಗೆ ಮಾತು ಬೇಕಿಲ್ಲ ಆಂಟಿ" ಅಂತ ವಾಪಸ್ ಬಂದರು. ಬೇಕಿಲ್ಲ ಅಂತಲ್ಲ, ಕೇಳಿಸಲ್ಲ, ಮತ್ತೆ ಮತ್ತೆ "ಆಂ?" ಅನ್ನೋಕೆ ನಾಚಿಕೆ. ನರ್ಸ್ ಅಕ್ಕ ಹೋಗಿ ನೋಡಿ ಹೇಳಿಕೊಟ್ಟರು: ಫ್ಯಾನು ಟಿವಿ ಆರಿಸಿ, ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ತುಟಿ ಕಾಣಲಿ, ಎಡಗಿವಿ ಕಡೆ ಕೂತುಕೊಳ್ಳಿ, ಕೂಗಬೇಡಿ, ನಿಧಾನ ಮಾತಾಡಿ.

ಮೂರನೆಯದಾಗಿ ಒಬ್ಬ ಇಂಜಿನಿಯರಿಂಗ್ ಹುಡುಗನನ್ನು ಕಳಿಸಿದೆವು. ಅವನ ಹತ್ತಿರ ಅವರಪ್ಪನ ಹಳೇ ಯೆಜ್ಡಿ ಬೈಕ್ ಇತ್ತು, ಅದೇ ಫ್ಯಾಕ್ಟರಿಯದು. ಆ ಗಾಡೀಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಗೇಟಿನ ಮುಂದೆ ಸ್ಟಾರ್ಟ್ ಮಾಡಿ ನಿಲ್ಲಿಸಿದ. ತಾತ ಮೆಲ್ಲಗೆ ಬಂದು ಟ್ಯಾಂಕಿನ ಮೇಲೆ ಅಂಗೈ ಇಟ್ಟರು. ಸದ್ದು ಅವರಿಗೆ ಕೇಳಿಸೋದಿಲ್ಲ. ಕಣ್ಣು ಮುಚ್ಚಿ ಒಂದು ನಿಮಿಷ ಹಾಗೇ ನಿಂತರು. "ಪಾಯಿಂಟ್ ಗ್ಯಾಪ್ ಸರಿ ಇಲ್ಲ. ಸ್ಪ್ಯಾನರ್ ತಗೊಂಬಾ" ಅಂದರು. ಹುಡುಗ ಎರಡೂವರೆ ವರ್ಷ ಶನಿವಾರ ತಪ್ಪಿಸಲಿಲ್ಲ. ತಾತ ಹೋದ ವರ್ಷ ತೀರಿಕೊಂಡರು. ಅವನು ಎರಡು ತಿಂಗಳು ಯಾರ ಮನೆಗೂ ಹೋಗಲಿಲ್ಲ. ನಾವೂ ಕರೆಯಲಿಲ್ಲ.

ದುಡ್ಡಿನ ವಿಷಯದಲ್ಲಿ ನಾನು ಬಿಗಿ. ಎಟಿಎಂ ಕಾರ್ಡು ಮುಟ್ಟೋ ಹಾಗಿಲ್ಲ, ಪಿನ್ ಕೇಳೋ ಹಾಗಿಲ್ಲ, ಯಾವ ಕಾಗದಕ್ಕೂ ಸಾಕ್ಷಿ ಸಹಿ ಇಲ್ಲ. ಐದು ರೂಪಾಯಿ ಬಸ್ ಚಾರ್ಜೂ ಬೇಡ. ಕಾಫಿ ಮಾತ್ರ ಬೇಡ ಅನ್ನಬಾರದು. ಸಂಧ್ಯಾ ಸುರಕ್ಷಾ ಪೆನ್ಷನ್ನಿನ 1,200 ರೂಪಾಯಿ ನಿಂತುಹೋದರೆ ಜೊತೆಗೆ ನಾಡಕಚೇರಿಗೆ ಹೋಗ್ತೀವಿ, ಪಾಸ್‌ಬುಕ್ ಅವರ ಕೈಯಲ್ಲೇ ಇರಬೇಕು. ಇಷ್ಟಾದರೂ ಒಬ್ಬರ ಅಳಿಯ "ಮನೆ ಬರೆಸ್ಕೊಳ್ಳೋಕೆ ಬಂದಿದ್ದೀರಾ" ಅಂತ ನನ್ನ ಮುಖಕ್ಕೇ ಅಂದ. ಕೋಪ ಬಂತು. ಆಮೇಲೆ ಯೋಚಿಸಿದರೆ, ಗುರುತಿಲ್ಲದವರು ಮನೆಗೆ ಬಂದರೆ ಕೇಳಬೇಕಾದ ಪ್ರಶ್ನೆಯೇ ಅದು. ಅಲ್ಲಿಂದ ಮುಂದೆ ಎಲ್ಲ ಕಾರ್ಯಕರ್ತರಿಗೂ ಪೊಲೀಸ್ ವೆರಿಫಿಕೇಷನ್, ಮನೆಯವರಿಗೆ ಮೊದಲೇ ಒಂದು ಫೋನ್.

ನಿಜವಾಗಿ ಬರೆಸಿಕೊಂಡು ಕೈಬಿಟ್ಟ ಕೇಸೂ ಒಂದು ಬಂತು, ಸ್ವಂತ ಮಗನೇ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅದಕ್ಕೆ ದಾರಿ ಇದೆ. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ವಾಪಸ್ ಕೇಳಬಹುದು. ಉಪವಿಭಾಗಾಧಿಕಾರಿ ಮುಂದೆ ಅರ್ಜಿ. ನಾವು 14567 ಸಹಾಯವಾಣಿಗೆ ಫೋನ್ ಹಚ್ಚಿಕೊಟ್ಟು, ಪಕ್ಕದಲ್ಲಿ ಕೂತಿದ್ದೆವು. ಅಷ್ಟೇ ನಮ್ಮ ಪಾತ್ರ. ಗೆಳೆಯರಾಗಿ ಹೋದವರು ವಕೀಲರಾಗೋಕೆ ಹೊರಟರೆ ಎರಡೂ ಕೆಡುತ್ತೆ.

ಈಗ ಇಪ್ಪತ್ತಮೂರು ಮನೆಗೆ ಹತ್ತೊಂಬತ್ತು ಜನ ಹೋಗುತ್ತಿದ್ದೇವೆ. ಅಜ್ಜಿಗೆ 85 ದಾಟಿದೆ. ಗುರುವಾರ ನಾಲ್ಕಕ್ಕೆ ಎರಡು ಲೋಟ ಇರುತ್ತದೆ.

ಕಾಯುತ್ತಿರುವವರ ಪಟ್ಟಿಯಲ್ಲಿ ಆರು ಹೆಸರು. ಕೊನೆಯದು ಹೋದ ತಿಂಗಳು ಬಂದದ್ದು. ಫೋನ್ ಎತ್ತಿದ ತಕ್ಷಣ "ಹಣ್ಣಿನೋರಾ?" ಅಂತ ಕೇಳಿತು ಆ ಕಡೆಯ ದನಿ. ಸರಸ್ವತಿಪುರದ ಮೇಷ್ಟ್ರು. ನಮ್ಮ ಫೋನ್ ನಂಬರಿನ ಚೀಟಿ ಅವತ್ತಿನ ಬುಟ್ಟಿಯಲ್ಲಿತ್ತಂತೆ, ಇಷ್ಟು ವರ್ಷ ಇಟ್ಟುಕೊಂಡಿದ್ದರು. ಓದಿ ಹೇಳೋರು ಬೇಕಂತೆ, ಕಣ್ಣು ಮಂಜಾಗಿದೆ. ಬೆಳಿಗ್ಗೆ ಏಳಕ್ಕೆ, ಪೇಪರ್ ಬಿಸಿ ಇರುವಾಗಲೇ. ಉಚ್ಚಾರಣೆ ಶುದ್ಧ ಇರಬೇಕು, ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಅಲ್ಲೇ ತಿದ್ದುತ್ತಾರಂತೆ. ಬೆಳಿಗ್ಗೆ ಏಳಕ್ಕೆ ಸಿಗೋರು ಇನ್ನೂ ಸಿಕ್ಕಿಲ್ಲ. ಹುಡುಕುತ್ತಾ ಇದ್ದೇವೆ.