ಓಣಿಯಲ್ಲಿ ದಡಾರ ಕಾಣಿಸಿತೇ? ಮೊದಲು ತಾಯಿ ಕಾರ್ಡ್ ತೆಗೆಯಿರಿ

ದಡಾರ (ಉತ್ತರ ಕರ್ನಾಟಕದ ಕಡೆ ಗೊಬ್ಬರ) ಗುಳ್ಳೆ ಏಳುವ ನಾಲ್ಕು ದಿನ ಮೊದಲೇ ಹರಡಲು ಶುರುವಾಗುತ್ತದೆ. ಪಕ್ಕದ ಮನೆಯ ಸುದ್ದಿ ನಿಮಗೆ ತಿಳಿಯುವ ಹೊತ್ತಿಗೆ ಮಕ್ಕಳು ಜೊತೆಗೆ ಆಡಿ ಆಗಿರುತ್ತದೆ. ಹಾಗಾಗಿ ಅದೇ ದಿನ ಮಗುವಿನ ಲಸಿಕೆಗಳನ್ನು ಬರೆದಿಟ್ಟ ತಾಯಿ ಕಾರ್ಡ್ ನೋಡಿ.

ಹುಡುಕಬೇಕಾದ್ದು ‘ಎಂಆರ್’ (ದಡಾರ-ರುಬೆಲ್ಲಾ ಲಸಿಕೆ) ಸಾಲು. 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು, ಹೀಗೆ ಎರಡು ದಿನಾಂಕ ಇರಬೇಕು. ಪೆಂಟಾ (ಐದು ರೋಗಗಳ ಲಸಿಕೆ), ಪೋಲಿಯೊ ಸಾಲು ತುಂಬಿರುವುದನ್ನು ಕಂಡು ‘ಎಲ್ಲ ಆಗಿದೆ’ ಎಂದುಕೊಂಡು ಮೋಸಹೋಗುವವರುಂಟು. ಮಗು ಓಡಾಡಲು ಕಲಿತ ಮೇಲೆ ಎರಡನೆಯ ಡೋಸ್ ಮರೆತೇ ಹೋಗುತ್ತದೆ. ತಾಯಿಯಿಂದ ಬಂದ ರಕ್ಷಣೆ 9 ತಿಂಗಳಲ್ಲಿ ಕೆಲವು ಮಕ್ಕಳಲ್ಲಿ ಇನ್ನೂ ಉಳಿದಿದ್ದು ಲಸಿಕೆಗೆ ಅಡ್ಡಬರುತ್ತದೆ. ಆ ಒಂದು ಡೋಸ್ ನೂರರಲ್ಲಿ ಸುಮಾರು 85 ಮಕ್ಕಳನ್ನಷ್ಟೇ ಕಾಯುತ್ತದೆ. ಎರಡೂ ಆದರೆ 95ಕ್ಕೂ ಹೆಚ್ಚು.

ಡೋಸ್ ತಪ್ಪಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಸೋಂಕಿತ ಮಗುವಿನ ಜೊತೆಗಿದ್ದು 72 ಗಂಟೆಯೊಳಗೆ ಹಾಕಿಸಿದರೆ ಕಾಯಿಲೆ ತಪ್ಪಬಹುದು, ಬಂದರೂ ಹಗುರವಾಗಬಹುದು. ತಡವಾಗಿದ್ದರೂ ಹಾಕಿಸಿ. ಎರಡು ಡೋಸ್‌ಗಳ ನಡುವೆ ಕನಿಷ್ಠ 28 ದಿನ ಬೇಕು.

6 ತಿಂಗಳು ತುಂಬಿ 9 ಆಗದ ಕೂಸಿಗೆ ರೂಢಿಯಲ್ಲಿ ಎಂಆರ್ ಇಲ್ಲ. ಆದರೆ 2022ರಲ್ಲಿ ಮುಂಬೈ ಮುಂತಾದೆಡೆ ದಡಾರ ಹಬ್ಬಿದಾಗ, ದಡಾರ ಬಂದವರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ 9 ತಿಂಗಳಾಗದ ಕೂಸುಗಳಾಗಿದ್ದ ಪ್ರದೇಶಗಳಲ್ಲಿ ಹೆಚ್ಚುವರಿ ಡೋಸ್ ಕೊಡಲು ಕೇಂದ್ರ ಸರ್ಕಾರ ಸೂಚಿಸಿತ್ತು. ನಿಮ್ಮೂರಲ್ಲೂ ಆರೋಗ್ಯ ಇಲಾಖೆ ಹೇಳಿದರೆ ಹಾಕಿಸಿ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮುಂದಿನ ಎರಡೂ ಡೋಸ್ ಆಗಲೇಬೇಕು.

ಬಲತೋಳಿನ ಚರ್ಮದಡಿ 0.5 ಮಿಲಿ ಚುಚ್ಚುತ್ತಾರೆ. ಪುಡಿಗೆ ದ್ರಾವಣ ಬೆರೆಸಿದ ಸಮಯ ಸೀಸೆಯ ಮೇಲಿರಬೇಕು, ನಾಲ್ಕು ಗಂಟೆ ದಾಟಿದ್ದು ಬೇಡ. ಕೇಳಲು ಸಂಕೋಚಪಡಬೇಡಿ. ನೆಗಡಿ, ಸಣ್ಣ ಭೇದಿ ಇದ್ದರೆ ಮುಂದೂಡಬೇಕಿಲ್ಲ. ಸೊರಗಿದ ಮಗುವಿಗಂತೂ ಇದು ಮೊದಲು ಬೇಕು. ರೋಗನಿರೋಧಕ ಶಕ್ತಿ ತೀರಾ ಕುಂದಿದ್ದರೆ ಅಥವಾ ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಏಳರಿಂದ ಹನ್ನೆರಡನೆಯ ದಿನದೊಳಗೆ ಸಣ್ಣ ಜ್ವರ, ಕೆಂಪು ಕಲೆ ಬರಬಹುದು.

ಮನೆಯ ಮಗುವಿಗೇ ಬಂದರೆ, ಗುಳ್ಳೆ ಎದ್ದ ನಾಲ್ಕು ದಿನ ಹೊರಗೆ ಕಳಿಸಬೇಡಿ. ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಕಟ್ಟಿದರೂ ಸರಿ, ಆಸ್ಪತ್ರೆಗೆ ಹೋಗುವುದು ತಪ್ಪಬಾರದು: ಎರಡು ದಿನ ಸತತ ವಿಟಮಿನ್ ಎ ಬೇಕು, 6ರಿಂದ 11 ತಿಂಗಳ ಕೂಸಿಗೆ ದಿನಕ್ಕೆ 1 ಲಕ್ಷ ಯುನಿಟ್, ವರ್ಷ ದಾಟಿದವರಿಗೆ 2 ಲಕ್ಷ. ಅಳತೆ ಆಸ್ಪತ್ರೆಯವರದು. ಏದುಸಿರು, ಎಚ್ಚರ ತಪ್ಪಿದಂತೆ ಮಂಪರು, ಹಾಲು ಕುಡಿಯದಿರುವುದು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ.